ಗುದ್ದಿಗೆ ಇಂಗ್ಲಿಷಿನಲ್ಲಿ ಏನು

ಕೊಬ್ಬರಿ ವಾಸನೆ, ಕಿಟಕಿಯಾಚೆ ಯಾರೋ ಗಾಡಿಯಿಂದ ಚೀಲ ಇಳಿಸುತ್ತಿದ್ದಾರೆ, ಅರಸೀಕೆರೆಗೆ ಬಂದಾಗಲೆಲ್ಲ ಈ ಒಣಕೊಬ್ಬರಿಯ ಸಿಹಿ, ಅದರ ಹಿಂದೆಯೇ ರೈಲಿನ ಹೊಗೆ, ಪೆನ್ನು ಸೋರಿ ತೋರುಬೆರಳಿಗೆ ಮಸಿ ಹತ್ತಿದೆ, ಒರೆಸಿಕೊಳ್ಳಬೇಕು, ಆಮೇಲೆ ಒರೆಸಿಕೊಂಡರಾಯಿತು, ಮೊದಲು ಈ ವಾಕ್ಯ, ಎರಡನೇ ಪುಟದ ಮೂರನೇ ವಾಕ್ಯ, ನನ್ನ ಮಗಳ ದುಂಡನೆಯ ಅಕ್ಷರ, ಅವತ್ತು ನಮ್ಮ ಯಜಮಾನರು ಊಟದ ಎಲೆಯಿಂದ ಎದ್ದು ಬಂದು ನನ್ನ ಬೆನ್ನಿಗೆ ಗುದ್ದಿದರು — ಗುದ್ದಿದರು, ಬಹುವಚನ, ಗುದ್ದುವಾಗಲೂ ಅವನಿಗೆ ಬಹುವಚನ ತಪ್ಪಿಸಿಲ್ಲ ಯದುಗಿರಿ, ಇಂಗ್ಲಿಷಿನಲ್ಲಿ ಆ ತಾಪತ್ರಯವಿಲ್ಲ, ಹೀ ಅಂದರೆ ಮುಗಿಯಿತು, ರಾಜನಾದರೂ ಹೀ, ಕಳ್ಳನಾದರೂ ಹೀ, ಸದ್ಯ ಅಷ್ಟಾದರೂ ಸಮಾಧಾನ, ಹೀ ಅಂತ ಬರೆಯುವಾಗ ಕೈಗೆ ಒಂಥರಾ ಹಗುರ, ಆದರೆ ಹೀ ಆದಮೇಲೆ ಬರೆಯಬೇಕಾದ ಪದ, ಅದಕ್ಕೆ ಕೈ ನಿಂತಿತು, ನಿಂತು, ಆಮೇಲೆ ತಾನಾಗಿ ಬರೆಯಿತು, ಸ್ಲ್ಯಾಪ್ಡ್. ಗುದ್ದಿದರು ಅನ್ನುವುದಕ್ಕೆ ಸ್ಲ್ಯಾಪ್ಡ್. ಮೂವತ್ತೊಂದು ವರ್ಷ ಬೇಲೂರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟ ಗೋಪಾಲಸ್ವಾಮಿ ಅಯ್ಯಂಗಾರ್ ಮೇಷ್ಟ್ರು ಗುದ್ದಿಗೂ ಕಪಾಳಕ್ಕೆ ಹೊಡೆಯುವುದಕ್ಕೂ ವ್ಯತ್ಯಾಸ ಗೊತ್ತಿಲ್ಲದವರ ಹಾಗೆ ಬರೆದರು, ಬರೆದು ಮುಂದಿನ ಸಾಲಿಗೆ ಹೋದರು.

ಏಕಾಂತಯ್ಯ ಬೆಳಿಗ್ಗೆಯೇ ಹೇಳಿದ್ದ, ಹಳೆಯ ಶಿಷ್ಯ, ಈಗ ಇಲ್ಲಿ ಒಳ್ಳೆಯ ವಕೀಲ ಅಂತ ಹೆಸರು, ಮೇಷ್ಟ್ರೇ, ಅರ್ಜಿ ಹಾಸನದ ಕೋರ್ಟಿಗೆ ಹೋಗ್ಬೇಕು, ಇಂಗ್ಲಿಷಲ್ಲೇ ಇರ್ಬೇಕು, ಗಂಡನಿಂದ ಬೇರೆ ಇರೋದಕ್ಕೆ ಕೋರ್ಟು ಅಪ್ಪಣೆ ಕೊಡೋ ಹೊಸ ಕಾನೂನು ಬಂದು ನಾಲ್ಕು ವರ್ಷ ಆಯ್ತು, ಕ್ರೌರ್ಯ ಅಂತ ತೋರಿಸ್ಬೇಕು, ಸುಮ್ನೆ ಹೊಡೀತಿದ್ರು ಅಂದ್ರೆ ಸಾಲ್ದು, ಯಾವತ್ತು, ಹೇಗೆ, ಎಲ್ಲಿಗೆ, ಒಂದೊಂದೂ ಬೇಕು, ಅಮ್ಮಾವ್ರು ಕನ್ನಡದಲ್ಲಿ ಬರ್ಕೊಟ್ಟಿದ್ದಾರಲ್ಲ, ಅದನ್ನ ನೀವೇ ಇಂಗ್ಲಿಷ್ ಮಾಡಿಬಿಡಿ, ನಿಮ್ಮ ಇಂಗ್ಲಿಷಿನ ಮುಂದೆ ನಂದೇನು, ನಾನು ಬಂದು ಕಾನೂನಿನ ಮಾತು ಸೇರಿಸ್ಕೋತೀನಿ, ಅಂತ ಕರಿ ಕೋಟು ಹೆಗಲಿಗೆ ಹಾಕಿಕೊಂಡು ಇಲ್ಲಿಯ ಕೋರ್ಟಿಗೆ ಹೋದ. ನನಗೆ ಆಗಲೇ ಹೇಳಬೇಕಿತ್ತು, ಬೇಡಪ್ಪ, ಬೇರೆ ಯಾರ ಕೈಲಾದರೂ ಮಾಡಿಸು ಅಂತ, ಹೇಳಲಿಲ್ಲ, ಹೊಗಳಿದನಲ್ಲ, ಹೊಗಳಿದರೆ ನನಗೆ ಇಲ್ಲ ಅನ್ನಲು ಬರುವುದಿಲ್ಲ. ಈಗ ಅವನ ಆಫೀಸಿನ ಮೇಜಿನ ಆಚೆ ಯದುಗಿರಿ ಕೂತಿದ್ದಾಳೆ, ಇಪ್ಪತ್ತನಾಲ್ಕು ವರ್ಷ, ನೀಲಿ ಸೀರೆಯ ಸೆರಗು ಹೊದ್ದು, ಹಳೆಯ ಕ್ಯಾಲೆಂಡರಿನ ಚಿತ್ರ ನೋಡುತ್ತಾ, ನಾನು ಬರೆದು ಮುಗಿಸಲಿ ಅಂತ ಕಾಯುತ್ತಾ, ಚಿಕ್ಕವಳಾಗಿದ್ದಾಗ ನಾನು ಪರೀಕ್ಷೆ ಪೇಪರು ತಿದ್ದುವಾಗ ಹೀಗೇ ಎದುರಿಗೆ ಕೂರುತ್ತಿದ್ದಳು, ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ, ಆಡಿಸುತ್ತಿದ್ದಳು, ಅಣ್ಣ, ಆಯ್ತಾ, ಅಣ್ಣ, ಇನ್ನೆಷ್ಟು — ನಮ್ಮ ಮನೆಯಲ್ಲಿ ಅಪ್ಪನನ್ನು ಅಣ್ಣ ಅನ್ನುವುದೇ ವಾಡಿಕೆ.

ಈ ಪದಗಳನ್ನೆಲ್ಲ ಅವಳಿಗೆ ಕಲಿಸಿದವನು ನಾನೇ. ಎಂಟು ವರ್ಷವಿರಬೇಕು ಆಗ, ಸಂಜೆ ಗುಡಿಗೆ ಹೋಗುತ್ತಿದ್ದೆವು, ಬಾಗಿಲ ಪಕ್ಕದಲ್ಲಿ ಹುಲಿಯನ್ನು ಇರಿಯುತ್ತಿರುವ ಸಳನ ಕಲ್ಲು, ಗುರುಗಳು ಹೊಯ್ ಸಳ ಅಂದರಂತೆ, ಅವನು ಹೊಯ್ದನಂತೆ, ಅದಕ್ಕೇ ಹೊಯ್ಸಳ ಅಂತ ಹೇಳಿದೆ, ಹೊಯ್ ಅಂದ್ರೆ ಇಂಗ್ಲಿಷಲ್ಲಿ ಏನಣ್ಣ ಅಂದಳು, ಸ್ಟ್ರೈಕ್ ಅಂದೆ, ಹಿಟ್ ಅಂತಾನೂ ಅನ್ನಬಹುದು, ಸ್ಮೈಟ್ ಅಂತ ಹಳೇ ಪದ ಒಂದಿದೆ, ಅದು ಸಳನಿಗೆ ಸರಿಯಾಗಿ ಹೊಂದುತ್ತೆ ಅಂದೆ, ಅವಳಿಗೆ ಬಲು ಇಷ್ಟವಾಗಿಬಿಟ್ಟಿತು, ದಾರಿಯುದ್ದಕ್ಕೂ ಸ್ಮೈಟ್ ಸಳ ಸ್ಮೈಟ್ ಸಳ ಅಂತ ಗಾಳಿಗೆ ಕೈ ಬೀಸುತ್ತಾ ಬಂದಳು, ಮನೆಯ ಜಗಲಿಯ ಮೇಲೆ ದಿಂಬು ಇಟ್ಟು ಮಿಕ್ಕವನ್ನೆಲ್ಲ ತೋರಿಸಿಕೊಟ್ಟೆ, ಅಂಗೈ ಬಿಚ್ಚಿದರೆ ಸ್ಲ್ಯಾಪ್, ಮುಷ್ಟಿ ಕಟ್ಟಿದರೆ ಪಂಚ್, ಬೆರಳ ತುದಿಯಲ್ಲಿ ಟ್ಯಾಪ್, ಪ್ರೀತಿಯಿಂದ ಮೆತ್ತಗೆ ತಟ್ಟಿದರೆ ಪ್ಯಾಟ್, ತಲೆಗೆ ಮೊಟಕಿದರೆ ಕಫ್, ಕಿವಿಗೆ ಬಿಟ್ಟರೆ ಬಾಕ್ಸ್ — ಕಿವಿ ಮೇಲೆ ಪೆಟ್ಟಿಗೆ ಇಡೋದಾ ಅಣ್ಣ, ಅಂತ ನಕ್ಕು ನಕ್ಕು ದಿಂಬಿನ ಮೇಲೆ ಉರುಳಿದಳು, ಒಳಗಿನಿಂದ ಅವಳಮ್ಮ ವೇದವಲ್ಲಿ ಬಂದು, ಹೆಣ್ಣು ಮಗೂಗೆ ಎಂಥ ಪಾಠ ರೀ ಇದು, ಅಂದಳು. ಎಂಥ ಪಾಠ. ನನಗೆ ಪದಗಳೆಂದರೆ ಪ್ರಾಣ, ಒಂದರ ಪಕ್ಕ ಒಂದು ಇಟ್ಟು ಇದು ಸ್ವಲ್ಪ ದಪ್ಪ, ಇದು ಸ್ವಲ್ಪ ತೆಳುವು ಅಂತ ನೋಡುವುದು, ಬ್ಲೋ ಅಂದರೆ ಊದುವುದೂ ಹೌದು, ಪೆಟ್ಟೂ ಹೌದು, ಮನೆಯ ಯಜಮಾನ ಸತ್ತರೆ ಅದೂ ಬ್ಲೋ, ನಂಬಿದವರು ಮುಖ ತಿರುಗಿಸಿದರೆ ಅದು ಸ್ಲ್ಯಾಪ್ ಇನ್ ದಿ ಫೇಸ್, ಕೆಟ್ಟ ಸುದ್ದಿಯನ್ನು ಮೆಲ್ಲಗೆ ಹೇಳಿದರೆ ಸಾಫ್ಟನ್ ದಿ ಬ್ಲೋ, ಕೈ ಎತ್ತದೆಯೇ ಎಷ್ಟೊಂದು ಹೊಡೆತ ನೋಡು ಗಿರಿ ಈ ಭಾಷೆಯಲ್ಲಿ ಅಂತ ನಾನೇ ಆಶ್ಚರ್ಯಪಡುತ್ತಿದ್ದೆ, ಕ್ಲಾಸಿನಲ್ಲಿ ಬೆತ್ತ ಹಿಡಿದವನಲ್ಲ, ಮನೆಯಲ್ಲಿ ಕೈ ಎತ್ತಿದವನಲ್ಲ, ಪೆಟ್ಟೆಂದರೆ ನನಗೆ ಬರೀ ಮಾತು, ಪುಸ್ತಕದಲ್ಲಿ ಬರುವ ಮಾತು.

ಆ ಕಾಗದ. ನೆನಪಾಗಬಾರದು ಅಂದುಕೊಂಡಷ್ಟೂ ಆ ಕಾಗದ. ಮದುವೆಯಾಗಿ ಐದಾರು ತಿಂಗಳಾಗಿತ್ತು, ತಿಪಟೂರಿನಲ್ಲಿ ಸಂಪತ್ಕುಮಾರನಿಗೆ ಗುಮಾಸ್ತೆ ಕೆಲಸ, ನೆಟ್ಟಗೆ ನಾಮ ಇಟ್ಟುಕೊಂಡು, ತಲೆ ಬಗ್ಗಿಸಿ ಮಾತಾಡುವ ಹುಡುಗ, ನಾನೇ ನೋಡಿ ಒಪ್ಪಿದ್ದೆ, ಹೋಗುವಾಗ ಯದುಗಿರಿಗೆ ಹೇಳಿದ್ದೆ, ಇಂಗ್ಲಿಷ್ ಮರೀಬೇಡ ಕಣಮ್ಮ, ನನಗೆ ಇಂಗ್ಲಿಷಲ್ಲೇ ಕಾಗದ ಬರಿ, ತಪ್ಪಿದ್ದರೆ ತಿದ್ದಿ ಕಳಿಸ್ತೀನಿ. ಬರೆದಳು, ಪ್ರತಿ ತಿಂಗಳು ಇನ್‌ಲ್ಯಾಂಡ್ ಲೆಟರಿನಲ್ಲಿ, ಅಲ್ಲಿಯ ನೀರು, ಅತ್ತೆಯ ಮಂಡಿನೋವು, ಹಿತ್ತಿಲ ದಾಳಿಂಬೆ ಗಿಡ, ಒಂದು ಕಾಗದದ ಕೊನೆಯಲ್ಲಿ ಒಂದೇ ಸಾಲು, ಕಳೆದ ಶುಕ್ರವಾರ ನಾವು ಕಮ್ ಟು ಬ್ಲೋಸ್ ಆದೆವು ಅಣ್ಣ, ಅಂತ ಅರ್ಥ ಬರುವ ಹಾಗೆ. ನಾನು ಏನು ಮಾಡಿದೆ. ಕೆಂಪು ಮಸಿಯಲ್ಲಿ ಅದರ ಕೆಳಗೆ ಗೆರೆ ಎಳೆದೆ. ಜಗಳವಾಡಿದಿರಿ ಅನ್ನುವುದಕ್ಕೆ ಈ ಮಾತು ಸಲ್ಲದು, ಇಬ್ಬರೂ ಕೈ ಕೈ ಮಿಲಾಯಿಸಿದಾಗ ಮಾತ್ರ ಹೀಗೆ ಬರೆಯಬೇಕು, ನೀನೂ ಅವರಿಗೆ ಹೊಡೆದೆಯಾ, ಅಂತ ತಮಾಷೆಯಾಗಿ ಬರೆದು, ಹಿತ್ತಿಲ ಬಾಳೆಹಣ್ಣಿನ ವಿಚಾರವೋ ಏನೋ ಸೇರಿಸಿ, ಅಂಚೆಗೆ ಹಾಕಿ, ಸಂತೋಷದಿಂದ ಮನೆಗೆ ಬಂದೆ, ಮಗಳು ನುಡಿಗಟ್ಟು ಪ್ರಯೋಗ ಮಾಡುತ್ತಿದ್ದಾಳೆ ಅಂತ. ಉತ್ತರ ಬಂತು, ಆ ವಿಷಯಕ್ಕೆ ಒಂದೇ ವಾಕ್ಯ, ನಾನು ಹೊಡೆಯಲಿಲ್ಲ ಅಣ್ಣ, ಹಾಗಾದರೆ ಅದು ಸರಿಯಾದ ಪದವಲ್ಲ. ಅದರಲ್ಲಿ ತಪ್ಪೇ ಇರಲಿಲ್ಲ, ಒಂದು ಅಲ್ಪವಿರಾಮದ ತಪ್ಪೂ ಇರಲಿಲ್ಲ, ಗುಡ್ ಅಂತ ಬರೆದೆ ಅದರ ಪಕ್ಕ, ಗುಡ್ ಅಂತ ಬರೆದೆನಲ್ಲ ಭಗವಂತ.

ಆಮೇಲೆ ದೀಪಾವಳಿಗೆ ಬಂದಳು, ತೋಳಿನ ಮೇಲೆ ಹಸಿರುಗಟ್ಟಿದ ಕಲೆ, ಬಾಗಿಲು ತಗುಲಿತು ಅಂದಳು, ವೇದವಲ್ಲಿ ಎಣ್ಣೆ ನೀರು ಹಾಕುವಾಗ ಬೆನ್ನೂ ನೋಡಿದ್ದಾಳೆ, ನನ್ನ ಹತ್ತಿರ ಬಂದು ಕಣ್ಣು ಒರೆಸಿಕೊಳ್ಳುತ್ತಾ, ಇವಳನ್ನ ಕಳಿಸೋದು ಬೇಡ ರೀ, ಅಂದಳು, ನಾನು, ಹೊಸ ಸಂಸಾರ, ಅವನಿಗೆ ಕೆಲಸದ ತಲೆನೋವು, ಹೊಂದಿಕೊಂಡು ಹೋಗಬೇಕು, ಒಂದು ವರ್ಷದಲ್ಲಿ ಎಲ್ಲ ಸರಿಹೋಗುತ್ತೆ, ಅಂದೆ, ಕಳಿಸಿದೆ. ಮತ್ತೆ ಯುಗಾದಿಗೆ ಬಂದಳು, ಮತ್ತೆ ಕಳಿಸಿದೆ. ಮೂರನೇ ಸಲ ಯಾವ ಹಬ್ಬವೂ ಇರಲಿಲ್ಲ, ಆಷಾಢದ ಒಂದು ಮಧ್ಯಾಹ್ನ, ಪೆಟ್ಟಿಗೆಯಿಲ್ಲ, ಚೀಲವಿಲ್ಲ, ಬಸ್ಸಿಳಿದು ನಡೆದು ಬಂದು ಜಗಲಿಯ ಮೇಲೆ ಕೂತಳು, ನೀರು ಕೊಡಿ ಅಂದಳು. ನಾನು ಕಳಿಸುವ ಮಾತೂ ಎತ್ತಲಿಲ್ಲ, ಇಟ್ಟುಕೊಳ್ಳುವ ಮಾತೂ ಎತ್ತಲಿಲ್ಲ, ದಿನಾ ಪೇಪರ್ ಓದುತ್ತಾ ಪಕ್ಕದಲ್ಲಿ ಕೂತಿರುತ್ತಿದ್ದೆ, ಏನಾದರೂ ಕೇಳಿದರೆ ಉತ್ತರವಿಲ್ಲ, ಸಿಟ್ಟು ಅಂದುಕೊಂಡೆ, ಇರಲಿ, ಸಿಟ್ಟಿಗೆ ಕಾರಣವಿದೆ ಅಂದುಕೊಂಡೆ. ಹಿತ್ತಿಲಲ್ಲಿ ಒಂದು ಬೆಳಿಗ್ಗೆ ಮಲ್ಲಿಗೆ ಬಿಡಿಸುತ್ತಿದ್ದಳು, ಹಿಂದಿನಿಂದ ಹೋಗಿ ಗಿರಿ ಅಂದೆ, ಎಡಗಡೆಯಿಂದ, ತಿರುಗಲಿಲ್ಲ, ಗಿರೀ ಅಂದೆ ಇನ್ನೂ ಹತ್ತಿರ ಹೋಗಿ, ಅವಳ ಕಿವಿಯ ಓಲೆ ನನ್ನ ಕಣ್ಣ ಮುಂದೆಯೇ ಇತ್ತು, ತಿರುಗಲಿಲ್ಲ, ಸುತ್ತಿ ಬಲಗಡೆಗೆ ಬಂದು ಗಿರಿ ಅಂದೆ, ತಕ್ಷಣ ಮುಖವೆಲ್ಲ ನಗು, ಅಯ್ಯೋ ಅಣ್ಣ, ಯಾವಾಗ ಬಂದ್ರಿ, ಅಂದಳು, ಸಿಟ್ಟಿರಲಿಲ್ಲ, ಒಂದು ಚೂರೂ ಇರಲಿಲ್ಲ. ಹಾಸನಕ್ಕೆ ಕರೆದುಕೊಂಡು ಹೋದೆ, ಡಾಕ್ಟರು ದೀಪ ಹಾಕಿ ನೋಡಿ, ಎಡಗಿವಿ ತಮಟೆ ಹರಿದಿದೆ, ಬಲವಾಗಿ ಏಟು ಬಿದ್ದಿದೆ, ತುಂಬಾ ದಿನ ಆಗಿದೆ, ಇನ್ನು ಕೇಳಿಸೋದು ಕಷ್ಟ, ಅಂದರು. ಬಾಕ್ಸ್. ಮನೆಗೆ ಬಂದು ವೇದವಲ್ಲಿಗೆ ಹೇಳಿದೆ, ಅವಳು ಕೂಗಾಡಲಿಲ್ಲ, ನನ್ನ ತಟ್ಟೆಗೆ ಅನ್ನ ಬಡಿಸಿದಳು, ಬಡಿಸಿ, ನಿಮಗೆ ಓದೋಕೆ ಬರುತ್ತೆ ಅಂದ್ಕೊಂಡಿದ್ದೆ, ಅಂದಳು, ಅಷ್ಟೇ, ಇವತ್ತಿಗೂ ಅಷ್ಟೇ.

ಅಣ್ಣ, ಆಯ್ತಾ — ಈಗ, ಇಲ್ಲಿ, ಮೇಜಿನ ಆಚೆಯಿಂದ, ಕೈ ಚಾಚಿದ್ದಾಳೆ, ಕೊಡಿ ಓದ್ತೀನಿ, ಕೊಟ್ಟೆ, ಕೊಡದೆ ಏನು ಮಾಡಲಿ, ಮೊದಲು ನನ್ನ ಬೆರಳ ಮಸಿ ನೋಡಿ ಸೆರಗಿನ ತುದಿಯಿಂದ ಒರೆಸಿದಳು, ಹೊಸ ಸೀರೆ ಕಣೇ ಅಂದರೂ ಬಿಡಲಿಲ್ಲ, ಆಮೇಲೆ ಹಾಳೆಯನ್ನು ಬೆಳಕಿಗೆ ಹಿಡಿದು ಓದತೊಡಗಿದಳು, ತುಟಿ ಅಲ್ಲಾಡಿಸುತ್ತಾ, ನಾನು ಕ್ಯಾಲೆಂಡರಿನ ಚಿತ್ರ ನೋಡಿದೆ, ಈಗ ನನ್ನ ಸರದಿ, ಹೊರಗೆ ಚೀಲ ಇಳಿಸುವವರು ಬೀಡಿಗೆ ಬೆಂಕಿ ಕೇಳುತ್ತಿದ್ದಾರೆ, ಅವಳ ಬೆರಳು ನಿಂತಿತು, ಎಲ್ಲಿ ನಿಂತಿತು ಅಂತ ನೋಡದೆಯೇ ಗೊತ್ತು. ಅಣ್ಣ, ಇದು ಸ್ಲ್ಯಾಪ್ ಅಲ್ಲ. ಅಲ್ವಾ ಅಂದೆ, ಎಂಥ ಪ್ರಶ್ನೆ, ಅಲ್ವಾ. ಅಲ್ಲ ಅಣ್ಣ, ಅಂತ ಎದ್ದು ನನ್ನ ಪಕ್ಕಕ್ಕೆ ಬಂದಳು, ಮುಷ್ಟಿ ಕಟ್ಟಿದಳು, ಹೆಬ್ಬೆರಳು ಹೊರಗೆ, ನಾನು ದಿಂಬಿನ ಮೇಲೆ ತೋರಿಸಿದ್ದ ಹಾಗೆಯೇ, ಆ ಮುಷ್ಟಿಯನ್ನು ತಂದು ನನ್ನ ಹೆಗಲ ಮೇಲೆ, ಹೂವಿಟ್ಟಷ್ಟು ಮೆತ್ತಗೆ ಇಟ್ಟಳು, ಇದು ಪಂಚ್, ಅಂದಳು, ಬೆರಳು ಬಿಚ್ಚಿ ಅಂಗೈಯನ್ನು ನನ್ನ ಕೆನ್ನೆಗೆ ತಾಗಿಸಿದಳು, ಇದು ಸ್ಲ್ಯಾಪ್, ನೀವೇ ಹೇಳಿಕೊಟ್ಟಿದ್ದು. ಕೆನ್ನೆಯ ಮೇಲೆ ಕೈ ಹಾಗೇ ಇತ್ತು, ಒರಟಾಗಿದೆ ಅಂಗೈ, ತಣ್ಣಗಿದೆ. ಹೌದಮ್ಮ ಅಂದೆ, ಹೊಡೆದುಹಾಕಿ ಪಂಚ್ಡ್ ಅಂತ ಬರೆದೆ. ಆಮೇಲೆ ಇಬ್ಬರೂ ಪಕ್ಕ ಪಕ್ಕ ಕೂತು ಮೊದಲಿಂದ ನೋಡಿದೆವು, ನಾನು ಅವಳ ಬಲಗಡೆ, ಸಾಲು ಸಾಲಾಗಿ, ಇಲ್ಲಿ ನೂಕಿದರು ಅಂತ ಬರ್ದಿದೀನಿ, ನೀವು ಬಿಟ್ಟೇ ಬಿಟ್ಟಿದ್ದೀರಿ, ಇಲ್ಲಿ ಒದ್ದರು ಅಂತಿದೆ, ನೀವು ಟಚ್ ಅಂತ ಬರೆದಿದ್ದೀರಲ್ಲ ಅಣ್ಣ, ಅಂತ ಅವಳಿಗೇ ನಗು ಬಂತು, ನನಗೂ ಬಂತು, ನಗುತ್ತಲೇ ಕಣ್ಣು ಮಂಜಾಯಿತು, ಕನ್ನಡಕ ತೆಗೆದು ಒರೆಸಿದೆ, ಆಮೇಲೆ ಸಿಟ್ಟು ಏರಿತು, ಆ ಕಡೆಯ ಪುಟಕ್ಕೆ ಬಂದಾಗ ಥ್ರ್ಯಾಶ್ಡ್ ಅಂತ ಬರೆದೆ, ಒತ್ತಿ ಬರೆದೆ, ನಿಬ್ಬಿಗೆ ಕಾಗದ ಹರಿಯಿತು, ಯದುಗಿರಿ ನನ್ನ ಕೈ ಹಿಡಿದಳು, ಬೇಡ ಅಣ್ಣ, ಥ್ರ್ಯಾಶ್ ಅಂದ್ರೆ ತುಂಬಾ ಹೊತ್ತು, ಮತ್ತೆ ಮತ್ತೆ, ಅವತ್ತು ಹೊಡೆದಿದ್ದು ಎರಡೇ, ಆಗಿದ್ದಷ್ಟೇ ಇರಲಿ, ಜಾಸ್ತಿ ಬೇಡ, ಕಡಿಮೆಯೂ ಬೇಡ. ಇಷ್ಟು ಒಳ್ಳೆಯ ವಿದ್ಯಾರ್ಥಿ ನನಗೆ ಇನ್ನೊಬ್ಬರಿರಲಿಲ್ಲ.

ಏಕಾಂತಯ್ಯ ಬಂದ, ಕೋಟು ಗೂಟಕ್ಕೆ ಹಾಕಿ, ಕೂತು, ಎಲ್ಲ ಓದಿದ, ಓದುತ್ತಾ ಮೀಸೆ ಕಚ್ಚಿಕೊಂಡ, ಭಾಷೆ ಚೆನ್ನಾಗಿದೆ ಸಾರ್, ಅಂದ, ಚೆನ್ನಾಗಿದೆ ಅಂದದ್ದಕ್ಕೆ ಅವನಿಗೇ ಇರುಸುಮುರುಸಾಯಿತು, ಆಮೇಲೆ, ಒಂದು ತೊಡಕಿದೆ, ಅಂದ. ಅಮ್ಮಾವ್ರು ಎರಡು ಸಲ ತವರಿಗೆ ಬಂದು, ಎರಡು ಸಲಾನೂ ತಿರುಗಿ ಹೋಗಿದ್ದಾರೆ, ಅಲ್ವಾ, ಆ ಕಡೆ ವಕೀಲರು ಇದನ್ನೇ ಹಿಡ್ಕೋತಾರೆ, ತಾವಾಗಿ ಹೋದರು, ಅಂದ್ರೆ ಆಗಿದ್ದನ್ನೆಲ್ಲ ಮನ್ನಿಸಿದರು ಅಂತ ವಾದ ಮಾಡ್ತಾರೆ, ಯಾಕೆ ಹೋದ್ರಿ ತಾಯಿ, ಬೇರೆ ಯಾರಾದರೂ ಬಲವಂತ ಮಾಡಿದ್ರಾ. ಯದುಗಿರಿ ಉತ್ತರ ಕೊಡಲು ಒಂದು ಗಳಿಗೆಯೂ ತಡಮಾಡಲಿಲ್ಲ, ಇಲ್ಲ, ನಾನೇ ಹೋದೆ, ನನ್ನಿಷ್ಟ. ಆಗ ತಿಳಿಯಿತು ನನಗೆ, ಆ ನಾಲ್ಕು ಪುಟ ಕನ್ನಡದಲ್ಲಿ, ಬೆನ್ನಿನ ಗುದ್ದಿನಿಂದ ಕಿವಿಯ ಏಟಿನವರೆಗೆ ಒಂದನ್ನೂ ಬಿಡದೆ ಬರೆದ ಹುಡುಗಿ ಒಂದನ್ನು ಮಾತ್ರ ಬಿಟ್ಟಿದ್ದಳು, ಹುಡುಕಿದರೂ ಸಿಗದ ಹಾಗೆ ಬಿಟ್ಟಿದ್ದಳು, ನಮ್ಮ ತಂದೆಯವರು ಅನ್ನುವ ಮಾತೇ ಆ ಪುಟಗಳಲ್ಲಿ ಇರಲಿಲ್ಲ, ಸಾಫ್ಟನ್ ದಿ ಬ್ಲೋ, ನನಗಾಗಿ. ಹಾಗಾದ್ರೆ ಕಷ್ಟ ಆಗುತ್ತೆ, ಅಂತ ಏಕಾಂತಯ್ಯ ಪೆನ್ಸಿಲ್ಲಿನಿಂದ ಹಣೆ ಕೆರೆದುಕೊಂಡ. ಸುಳ್ಳು, ಅಂದೆ ನಾನು. ಇಬ್ಬರೂ ನನ್ನ ಕಡೆ ನೋಡಿದರು. ಅವಳು ಹೇಳಿದ್ದು ಸುಳ್ಳು ಏಕಾಂತಯ್ಯ, ಅವಳಾಗಿ ಹೋಗಲಿಲ್ಲ, ನಾನು ಕಳಿಸಿದೆ, ಎರಡು ಸಲಾನೂ ನಾನೇ ಕಳಿಸಿದೆ, ಅವಳ ತಾಯಿ ಬೇಡ ಅಂದರೂ ಕಳಿಸಿದೆ. ಅಣ್ಣ, ಅಂದಳು. ಏಕಾಂತಯ್ಯ ತುಂಬಾ ಮೆಲ್ಲಗೆ, ಸಾರ್, ಇದನ್ನ ನೀವು ಕಟಕಟೇಲಿ ನಿಂತು ಹೇಳ್ಬೇಕಾಗುತ್ತೆ, ಆ ವಕೀಲರು ಬಿಡಲ್ಲ, ಎಂಥ ತಂದೆ ನೀವು ಅಂತ ಕೇಳ್ತಾರೆ, ಬೇಲೂರಿನವರೆಲ್ಲ ಬಂದಿರ್ತಾರೆ, ನಿಮ್ಮ ಹತ್ರ ಓದಿದೋರು. ಕೇಳಲಿ. ಅಣ್ಣ ಬೇಡ, ನನ್ನ ಮೇಲೇ ಇರಲಿ ಅದು, ನನಗೇನೂ ಆಗಲ್ಲ. ಇಲ್ಲ ಕಣಮ್ಮ, ಆಗಿದ್ದಷ್ಟೇ ಇರಲಿ ಅಂದವಳು ನೀನಲ್ವಾ, ಅಂದೆ, ಅವಳು ನನ್ನ ಅಂಗಿಯ ತೋಳು ಹಿಡಿದುಕೊಂಡಳು, ಬಿಡಲಿಲ್ಲ, ಏಕಾಂತಯ್ಯ ಇನ್ನೊಂದು ಹಾಳೆ ನನ್ನ ಮುಂದೆ ಸರಿಸಿ, ಹಾಗಾದ್ರೆ ಗೆಲ್ತೀವಿ ಸಾರ್, ಅಂತ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ, ನಮಗೆ ಬೆನ್ನು ಮಾಡಿ.

ಬರೆಯುತ್ತಿದ್ದೇನೆ, ಐ, ಗೋಪಾಲಸ್ವಾಮಿ, ಅರ್ಜಿದಾರಳ ತಂದೆ, ಐ ಸೆಂಟ್ ಹರ್ ಬ್ಯಾಕ್, ಒಂದು ಕಷ್ಟದ ಪದವೂ ಇಲ್ಲ ಇದರಲ್ಲಿ, ಮೊದಲ ಫಾರಂ ಪುಸ್ತಕದ ಇಂಗ್ಲಿಷು, ಸೆಂಟ್, ಬ್ಯಾಕ್, ನಿಘಂಟು ತೆಗೆಯಬೇಕಾಗಿಲ್ಲ, ಅವಳ ಮನಸ್ಸಿಗೆ ವಿರುದ್ಧವಾಗಿ ಅಂತ ಸೇರಿಸಿದೆ, ಟ್ವೈಸ್ ಅಂತ ಸೇರಿಸಿದೆ, ಯದುಗಿರಿ ಸಹಿ ಹಾಕಿದಳು, ಅದರ ಕೆಳಗೆ ನಾನು, ನನ್ನದು ಮುಗಿಯಿತು ಅಂತ ಪೆನ್ನಿಗೆ ಕ್ಯಾಪು ಹಾಕಬೇಕು, ಕೈ ಹಾಕುತ್ತಿಲ್ಲ, ಟ್ವೈಸ್, ಎರಡನೇ ಸಲ, ಯುಗಾದಿ ಕಳೆದ ನಾಲ್ಕನೇ ದಿನ, ಬೇಲೂರಿನ ಬಸ್ ಸ್ಟ್ಯಾಂಡು, ಎಳೆಬಿಸಿಲು, ಹಳೇಬೀಡು ಜಾವಗಲ್ ಮೇಲೆ ಅರಸೀಕೆರೆಗೆ ಬರುವ ಬಸ್ಸು, ಅವಳು ಕಿಟಕಿಯ ಪಕ್ಕ, ಮಡಿಲಲ್ಲಿ ಅಮ್ಮ ಕೊಟ್ಟ ಚಕ್ಕುಲಿ ಡಬ್ಬಿ, ಅಣ್ಣ, ಇನ್ನೊಂದು ವಾರ ಇದ್ದು ಹೋಗ್ಲಾ, ಅಂದಳು, ಕೇಳಿಸಿತು ನನಗೆ, ಚೆನ್ನಾಗಿ ಕೇಳಿಸಿತು, ಕಂಡಕ್ಟರು ಇನ್ನೂ ಹೋಟೆಲಿನ ಮುಂದೆ ಕಾಫಿ ಕುಡಿಯುತ್ತಿದ್ದ, ಡ್ರೈವರು ಮಾತ್ರ ಹತ್ತಿ ಕೂತಿದ್ದ, ಇನ್ನೂ ಹೊತ್ತಾದರೆ ಅವಳು ಇನ್ನೂ ಏನಾದರೂ ಕೇಳಿಬಿಡುತ್ತಾಳೆ, ನಾನು ಹೂಂ ಅಂದುಬಿಡುತ್ತೇನೆ, ಆಮೇಲೆ ಜನ ಏನಂದಾರು, ಹೋಗಿ ಬಾಮ್ಮ, ಅಂದೆ, ಅಂದು, ನಾನೇ, ಕಂಡಕ್ಟರಲ್ಲ, ನಾನೇ, ರೈಟ್ ರೈಟ್ ಅಂತ ಬಸ್ಸಿನ ತಗಡಿಗೆ ಅಂಗೈಯಿಂದ ಬಡಿದೆ, ಧಡ್, ಧಡ್, ಅವಳ ಕಿಟಕಿಯ ಕೆಳಗೇ, ಒಳಗೆ ಅವಳು ಬೆಚ್ಚಿ ಮೊಣಕೈ ಎತ್ತಿ ಮುಖಕ್ಕೆ ಅಡ್ಡ ಹಿಡಿದಳು, ಹಬ್ಬದ ಹಸಿರು ಬಳೆ ತೋಳಿಗೆ ಜಾರಿದವು, ನಾನು ನೋಡಿದೆ, ನೋಡಿ ನಗುತ್ತಾ ಕೈ ಬೀಸಿದೆ, ಬಸ್ಸು ಹೊರಟಿತು, ಅವಳು ಕೈ ಇನ್ನೂ ಇಳಿಸಿರಲಿಲ್ಲ, ತಗಡಿಗೆ ನನ್ನ ಅಂಗೈ, ಧಡ್, ಧಡ್, ಕಿಟಕಿಯಲ್ಲಿ ಅಡ್ಡ ಹಿಡಿದ ಮೊಣಕೈ, ಅಂಗೈ, ಮೊಣಕೈ, ನನ್ನ ಅಂಗೈ —